ನೆತ್ತರುಗುಡುಕನ ಕೊನೆಯ ಪುಟ

ಯಲಿಯೂರು ಸ್ಟೇಷನ್
12 ಆಗಸ್ಟ್ 1943

ನನ್ನ ಇಂದ್ರಿಗೆ,

ನೀನು ಮಳವಳ್ಳಿಗೆ ಹೋಗಿ ಇಂದಿಗೆ ಹದಿನೇಳು ದಿನ. ಮದ್ದೂರಿನಲ್ಲಿ ಬಸ್ಸು ಹೊರಟಾಗ ಒಂದು ಸಲವೂ ತಿರುಗಿ ನೋಡಲಿಲ್ಲ. ಸಿಟ್ಟು ಅಂತ ಗೊತ್ತು. ಸಿಟ್ಟು ಇರಲಿ, ಮೈ ಚೆನ್ನಾಗಿರಲಿ. ಅಲ್ಲಿ ನಾಲೆ ಇಲ್ಲ, ಹಿತ್ತಿಲಿಗೆ ಗದ್ದೆಯ ನೀರು ಬಂದು ನಿಲ್ಲುವುದಿಲ್ಲ, ಸೊಳ್ಳೆ ಕಡಿಮೆ. ನಿಮ್ಮಮ್ಮ ಹೊಂಬಾಳಮ್ಮನನ್ನು ಚಳಿಜ್ವರಕ್ಕೆ ಕೊಟ್ಟ ಊರಿನಲ್ಲಿ ಇನ್ನೊಂದು ಮಳೆಗಾಲ ನಿನ್ನನ್ನು ಇಟ್ಟುಕೊಳ್ಳುವ ಎದೆ ನನಗಿರಲಿಲ್ಲ. ಚಿಕ್ಕಮ್ಮ ಮಂಗಳಮ್ಮನ ಬಾಯಿ ಜೋರು, ಆದರೆ ಅಕ್ಕನ ಮಗಳು ಅಂದರೆ ಜೀವ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಬಿಳಿ ಸಿಪಾಯಿಗಳ ಸ್ಪೆಷಲ್ ಗಾಡಿ ಎದುರಿನ ಗಾಡಿಗೆ ದಾರಿ ಬಿಡಲು ಇಲ್ಲಿ ಮುಕ್ಕಾಲು ಗಂಟೆ ನಿಂತಿತ್ತು. ಅದು ಹೋದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ಬಾಳೆಹಣ್ಣಿನ ಸಿಪ್ಪೆ, ಸಿಗರೇಟು ಡಬ್ಬಿ, ಜೊತೆಗೆ ಒಂದು ಪುಸ್ತಕ. ಪುಸ್ತಕ ಅಂದರೆ ಬರಿ ಚಿತ್ರ! ಒಂದೊಂದು ಪುಟದಲ್ಲೂ ಕಿಟಕಿಗಳ ಹಾಗೆ ಆರೇಳು ಚೌಕ, ಚೌಕದೊಳಗೆ ಬಣ್ಣಬಣ್ಣದ ಮನುಷ್ಯರು. ಅವರ ಮಾತು ಬಾಯಿಂದ ಹೊಗೆಯುಂಡೆಯ ಹಾಗೆ ಹೊರಟು, ಆ ಉಂಡೆಯೊಳಗೆ ಇಂಗ್ಲಿಷಿನಲ್ಲಿ ಬರೆದಿದೆ. ನಮ್ಮ ಮೈಸೂರಿನ ಪ್ರೊಫೆಸರು, ಚಿತ್ರವಿರುವ ಪುಸ್ತಕ ಓದುವವನು ಕಾಲೇಜು ಬಿಟ್ಟು ದನ ಮೇಯಿಸಲಿ ಅನ್ನುತ್ತಿದ್ದರು. ಅವರ ಪೇಪರಿನಲ್ಲಿ ನಾನು ಎರಡು ಸಲ ಕೂತು ಎರಡು ಸಲವೂ ಬಿದ್ದೆ, ಅದು ಬೇರೆ ಮಾತು. ಬೀಳದೆ ಇದ್ದಿದ್ದರೆ ಈ ಸ್ಟೇಷನ್ನಿನಲ್ಲಿ ಟಿಕೆಟ್ ಹರಿಯುತ್ತಿರಲಿಲ್ಲ, ನಿಮ್ಮಮ್ಮನನ್ನು ಈ ನಾಲೆಯ ಬದಿಗೆ ಕರೆತರುತ್ತಿರಲಿಲ್ಲ. ಇರಲಿ.

ಕತೆಯಲ್ಲಿ ನಿನ್ನಷ್ಟೇ, ಹನ್ನೆರಡು ವರ್ಷದ ಹುಡುಗಿ. ಅವಳ ಹೆಸರು ನಮ್ಮ ಬಾಯಿಗೆ ಒಗ್ಗುವುದಿಲ್ಲ. ನೀಲಿ ಅಂತ ಇಟ್ಟಿದ್ದೇನೆ. ಅವಳಿಗೆ ಇಬ್ಬರು ಗೆಳತಿಯರು, ಒಬ್ಬಳು ದಪ್ಪ, ಒಬ್ಬಳು ಕನ್ನಡಕದವಳು. ಮೂವರೂ ಸೇರಿ ವ್ಯಾಂಪೈರ್ ಬೇಟೆಯಾಡುತ್ತಾರೆ. ಆ ಪದ ಕಾಲೇಜಿನಲ್ಲಿ ಒಂದು ಸಲ ಬಂದಿತ್ತು, ಬಾವಲಿಯೋ ಭೂತವೋ ಮರೆತಿದೆ. ದಟ್ ಈಸ್ ಟು ಸೇ, ಸತ್ತ ಮೇಲೂ ಸಾಯದೆ, ಬದುಕಿರುವವರ ರಕ್ತ ಹೀರುವವನು. ನಾನು ನೆತ್ತರುಗುಡುಕ ಅಂತ ಮಾಡಿದ್ದೇನೆ. ಅವನಿಗೆ ಒಂದು ಕಟ್ಟುಪಾಡು ಇದೆಯಂತೆ: ಮನೆಯವರು ಬಾ ಅಂತ ಕರೆಯದೆ ಹೊಸಿಲು ದಾಟುವಂತಿಲ್ಲ.

ಪ್ರತಿ ಕಾಗದದ ಜೊತೆ ಒಂದು ಹಾಳೆ ಕಳಿಸುತ್ತೇನೆ, ಉಂಡೆಯೊಳಗಿನ ಇಂಗ್ಲಿಷಿಗೆ ಕನ್ನಡ ಬರೆದು. ಕೊನೆಯನ್ನು ನಾನೂ ನೋಡಿಲ್ಲ. ನಿನ್ನ ಜೊತೆಗೇ ನೋಡೋಣ ಅಂತ.

ನಿನ್ನ ಅಪ್ಪ,
ಹೊನ್ನಯ್ಯ


ಮಳವಳ್ಳಿ
20 ಆಗಸ್ಟ್ 1943

ಅಪ್ಪನಿಗೆ ಇಂದ್ರಮ್ಮ ಮಾಡುವ ನಮಸ್ಕಾರಗಳು.

ಎಲ್ಲರೂ ಚೆನ್ನಾಗಿದ್ದೇವೆ. ಕಾರ್ಡಿನ ಮೊದಲ ಸಾಲಿನಲ್ಲಿ ಹಾಗೆ ಬರೆಯಲೇಬೇಕು ಅಂತ ಚಿಕ್ಕಮ್ಮ ಎದುರಿಗೇ ಕೂತಿದ್ದಾರೆ. ಬರೆದಿದ್ದೇನೆ.

ನಿಮ್ಮ ಕವರನ್ನು ನನಗೆ ಕೊಡಲಿಲ್ಲ. "ನೀನು ಇಲ್ದೇ ಇರೋದ್ನ ಸೇರ್ಸಿ ಓದ್ತೀಯ" ಅಂತ ಚಿಕ್ಕಮ್ಮ ಅಂಚೆಯ ಕೆಂಪಸಿದ್ದಯ್ಯನವರ ಕೈಲೇ ಒಡೆಸಿದರು. ಇಲ್ಲಿ ಯಾರ ಮನೆಗೆ ಕಾಗದ ಬಂದರೂ ಅವರು ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಗಟ್ಟಿಯಾಗಿ ಓದುತ್ತಾರೆ. ನೀವು ಪರೀಕ್ಷೆಯಲ್ಲಿ ಬಿದ್ದದ್ದು ಈಗ ಇಡೀ ಬೀದಿಗೆ ಗೊತ್ತು. ಆದರೆ ನೀಲಿಯ ಕತೆ ಬಂದಾಗ ಯಾರೂ ನಗಲಿಲ್ಲ. ಬಾಗಿಲಿಗೆ ಬೆಳ್ಳುಳ್ಳಿ ಹಾರ ಕಟ್ಟಿದ ಚಿತ್ರ ನೋಡಿ ಚಿಕ್ಕಮ್ಮ, "ಬೆಳ್ಳುಳ್ಳಿ ವಾಸ್ನೆಗೆ ಬರೋರು ಓಡೋದಾದ್ರೆ ನಿಮ್ಮಪ್ಪ ನಮ್ಮನೆ ಊಟಕ್ಕೆ ಬರ್ತಾನೇ ಇರ್ಲಿಲ್ಲ ಕಣಮ್ಮಿ" ಅಂದರು.

ಎದುರು ಮನೆಯ ಶಮೀಮ್ ಬಾನು ನನ್ನ ಗೆಳತಿ ಆಗಿದ್ದಾಳೆ. ಅವಳ ಅಪ್ಪ ಜಲಾಲ್ ಸಾಹೇಬರು ಮದ್ದೂರು ಬಸ್ಸಿನ ಮೆಕಾನಿಕ್. ಪೆಟ್ರೋಲ್ ಇಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ದಿನಾ ಕೆಡುತ್ತದೆ, ಅವರು ದಿನಾ ಮುಖವೆಲ್ಲ ಮಸಿ ಮಾಡಿಕೊಂಡು ಬರುತ್ತಾರೆ. ನಾನೇ ನೀಲಿ, ತಾನು ಕನ್ನಡಕದವಳು ಅಂತ ಶಮೀಮ್ ಹೇಳಿದಳು. ದಪ್ಪಗಿನವಳು ಯಾರೂ ಸಿಕ್ಕಿಲ್ಲ.

ಮುಂದಿನ ಹಾಳೆ ಬೇಗ ಕಳಿಸಿ.

ಇಂದ್ರಮ್ಮ


ಯಲಿಯೂರು ಸ್ಟೇಷನ್
2 ಸೆಪ್ಟೆಂಬರ್ 1943

ನನ್ನ ಇಂದ್ರಿಗೆ (ಮತ್ತು ಕೇಳುತ್ತಿರುವ ಬೀದಿಯವರಿಗೆ),

ಕೆಂಪಸಿದ್ದಯ್ಯನವರೇ, ಪರೀಕ್ಷೆಯ ಮಾತು ಬಂದರೆ ಇನ್ನು ಮೇಲೆ ಒಂದು ಸಾಲು ಹಾರಿಸಿ ಓದಿ.

ಇಂದ್ರಿ, ನಾಲ್ಕನೆಯ ಪುಟಕ್ಕೆ ಬಂದಿದ್ದೇವೆ. ನೀಲಿಯ ಊರಿನಲ್ಲಿ ಒಬ್ಬೊಬ್ಬರೇ ಬಿಳಿಚಿಕೊಂಡು ಹಾಸಿಗೆ ಹಿಡಿಯುತ್ತಿದ್ದಾರೆ. ದೊಡ್ಡವರು ಯಾರೂ ನಂಬುವುದಿಲ್ಲ. ನೀಲಿ ಒಂದು ಮರದ ಗೂಟ ಕೆತ್ತಿಕೊಂಡಿದ್ದಾಳೆ. ಅದನ್ನು ಅವನ ಎದೆಗೆ ಹೊಡೆದರೆ ಮಾತ್ರ ಅವನು ಮುಗಿಯುತ್ತಾನೆ. ಒಂದು ಚೌಕದಲ್ಲಿ ಅವಳು ಏನೋ ಅನ್ನುತ್ತಾಳೆ, ಅದರಲ್ಲಿ ಒಂದು ಪದ ನನಗೆ ಬರಲಿಲ್ಲ. ನಮ್ಮ ಸ್ಟೇಷನ್ ಮಾಸ್ಟರನ್ನು ಕೇಳಿದೆ, ಅವರಿಗೂ ಬರಲಿಲ್ಲ. ಆ ಜಾಗದಲ್ಲಿ "ನಾನಿದ್ದೇನೆ" ಅಂತ ಬರೆದಿದ್ದೇನೆ. ಅರ್ಥಕ್ಕೆ ಮೋಸವಿಲ್ಲ ಅನ್ನಿಸುತ್ತದೆ.

ಇಲ್ಲಿ ಮಲೇರಿಯಾದವರು ಬಂದು ಮಡುವುಗಳಿಗೆ ಸೊಳ್ಳೆಮರಿ ಕೊಲ್ಲುವ ಹಸಿರು ಪುಡಿ ಚೆಲ್ಲಿ, ಮಕ್ಕಳನ್ನೆಲ್ಲ ಸಾಲಾಗಿ ಮಲಗಿಸಿ ಜ್ವರಗಡ್ಡೆ ಇದೆಯೇ ಅಂತ ಎಡಪಕ್ಕೆ ಒತ್ತಿ ನೋಡಿದರು. ಕೊತ್ತತ್ತಿಯ ಕಡೆ ಬಹಳ ಜನ ಮಲಗಿದ್ದಾರೆ. ಚಳಿಜ್ವರದ ಕ್ವಿನೈನ್ ಮಾತ್ರೆ ಯುದ್ಧದ ದೆಸೆಯಿಂದ ಬರುವುದೇ ನಿಂತಿದೆ. ನಮ್ಮ ಸಿಬ್ಬಂದಿಗೆ ಹಿಂದೆ ಕೊಟ್ಟಿದ್ದರಲ್ಲ, ಅದರಲ್ಲಿ ಹನ್ನೆರಡು ಮಾತ್ರೆ ನುಂಗದೆ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಸಂಕ್ರಾಂತಿಗೆ ನೀನು ಬಂದಾಗ ಬೇಕಾದೀತು ಅಂತ. ನಾನು ಚೆನ್ನಾಗಿದ್ದೇನೆ. ಕೊನೆಯ ಪುಟಗಳು ಬೀರುವಿನಲ್ಲಿ ಭದ್ರವಾಗಿವೆ.

ಅಪ್ಪ


ಮಳವಳ್ಳಿ
17 ಸೆಪ್ಟೆಂಬರ್ 1943

ಅಪ್ಪನಿಗೆ ನಮಸ್ಕಾರಗಳು.

ಎಲ್ಲರೂ ಚೆನ್ನಾಗಿದ್ದೇವೆ.

ತಡವಾಯಿತು. ಶಾಲೆಗೆ ಕೆಲವು ದಿನ ರಜ. ಮನೆಯ ಸುದ್ದಿ ಏನೂ ಇಲ್ಲ, ಅದಕ್ಕೆ ಕತೆ ಬರೆಯುತ್ತೇನೆ. ಈ ಭಾಗ ನಿಮ್ಮ ಪುಸ್ತಕದಲ್ಲಿ ಇಲ್ಲ, ನನ್ನದು.

ನೆತ್ತರುಗುಡುಕ ನೀಲಿಯ ಮನೆಯೊಳಗೇ ಬಂದುಬಿಟ್ಟಿದ್ದಾನೆ. ದಿನ ಬಿಟ್ಟು ದಿನ ಬರುತ್ತಾನೆ. ಮಧ್ಯಾಹ್ನ ಎರಡು ಗಂಟೆಗೆ, ಊಟದ ತಟ್ಟೆ ತೊಳೆದಿಡುವ ಹೊತ್ತಿಗೆ. ಮೊದಲು ಉಗುರು ನೀಲಿಯಾಗುತ್ತದೆ. ಆಮೇಲೆ ಹಲ್ಲು ಕಟಕಟ ಅಂತ ತಾನೇ ಮಾತಾಡುತ್ತದೆ. ಆಮೇಲೆ ಬೆಂಕಿ. ಆಮೇಲೆ ಸೀರೆ ಹಿಂಡುವಷ್ಟು ಬೆವರು, ಅವನು ಹೋದ ಅಂತ ಅರ್ಥ. ಮಾರನೆಯ ದಿನ ಏನೂ ಆಗದವಳ ಹಾಗೆ ನೀಲಿ ನೀರು ಸೇದುತ್ತಾಳೆ. ಮನೆಯ ದೊಡ್ಡಮ್ಮ ಯಾರಿಗೂ ಹೇಳಬೇಡ ಅಂದಿದ್ದಾಳೆ, ನೀಲಿಯ ಅಪ್ಪ ದೂರದಲ್ಲಿ ಒಬ್ಬನೇ ಇದ್ದಾನೆ, ಗಾಬರಿಯಾಗುತ್ತಾನೆ ಅಂತ.

ಅವನಿಗೆ ಯಾವ ಗೂಟ ಹೊಡೆಯಬೇಕು? ನಿಮ್ಮ ಪುಸ್ತಕದಲ್ಲಿ ಇದ್ದರೆ ಬರೆಯಿರಿ. ಗೂಟ ನಿಮ್ಮ ಹತ್ತಿರವೇ ಇದ್ದರೆ ಕಳಿಸಿ.

ಇಂದ್ರಮ್ಮ


ಯಲಿಯೂರು ಸ್ಟೇಷನ್
25 ಸೆಪ್ಟೆಂಬರ್ 1943

ನನ್ನ ಇಂದ್ರಿಗೆ,

ಭೇಷ್! ನಿನ್ನ ಕಾರ್ಡನ್ನು ಮಾಸ್ಟರಿಗೆ ಓದಿ ಹೇಳಿದೆ. "ನಿಮ್ ಮಗ್ಳು ನಿಮ್ಗಿಂತ ಚೆನ್ನಾಗಿ ಬರೀತಾಳಲ್ರೀ ಹೊನ್ನಯ್ಯ" ಅಂದರು. ಹಲ್ಲು ತಾನೇ ಮಾತಾಡುತ್ತದೆ ಅನ್ನುವುದನ್ನು ಎಲ್ಲಿಂದ ತಂದೆ? ಹೊಂಬಾಳಮ್ಮನ ಜ್ವರ ಎಲ್ಲ ನಿನ್ನ ಮನಸ್ಸಿನಲ್ಲಿ ಉಳಿದಿದೆ ಅಂತ ಕಾಣುತ್ತದೆ. ಪಾಪ, ನೀನು ಆಗ ಹತ್ತು ವರ್ಷದವಳು, ನೋಡಬಾರದ್ದನ್ನು ನೋಡಿದೆ. ಅದು ಹೀಗೆ ಕತೆಯಾಗಿ ಹೊರಗೆ ಬಂದರೆ ಒಳ್ಳೆಯದೇ.

ಆದರೆ ಎರಡು ತಪ್ಪು ಹೇಳಲೇಬೇಕು, ತಿದ್ದಿಕೊ. ಒಂದು, ನೆತ್ತರುಗುಡುಕನಿಗೆ ಬಿಸಿಲು ಆಗದು. ಮಧ್ಯಾಹ್ನ ಎರಡು ಗಂಟೆಗೆ ಬರುವಂತಿಲ್ಲ. ಎರಡು, ಯಾರೂ ಕರೆಯದೆ ಅವನು ಒಳಗೆ ಬಂದದ್ದು ಹೇಗೆ? ಇಂಗ್ಲಿಷಿನವರು ಇಂಥದ್ದರಲ್ಲಿ ಬಹಳ ಲಾಜಿಕ್ ನೋಡುತ್ತಾರೆ. ದಟ್ ಈಸ್ ಟು ಸೇ, ಸುಳ್ಳು ಹೇಳಿದರೂ ಒಂದಕ್ಕೊಂದು ಹೊಂದಬೇಕು. ಗೂಟದ ಮಾತು ಕೊನೆಯ ಪುಟದಲ್ಲಿ ಬರುತ್ತದೆ, ಅವಸರ ಮಾಡಬೇಡ.

ಒಂದು ಸುದ್ದಿ. ಹಳಿ ರಿಪೇರಿ ಗ್ಯಾಂಗಿನ ಆಳಿನ ಹೆಂಡತಿ ಸೋಮಮ್ಮ ಗೊತ್ತಲ್ಲ, ಅವಳ ಮೂರು ವರ್ಷದ ಮಗುವಿಗೆ ಜ್ವರ ನೆತ್ತಿಗೇರಿತ್ತು. ಪ್ಲಾಟ್‌ಫಾರ್ಮಿನ ಮೇಲೆ ತಂದು ಮಲಗಿಸಿ ನನ್ನ ಮುಖ ನೋಡುತ್ತ ನಿಂತಳು. ನಾನು ಡಬ್ಬಿ ತೆಗೆದು ಹನ್ನೆರಡು ಮಾತ್ರೆಯನ್ನೂ ಅವಳ ಸೆರಗಿಗೆ ಹಾಕಿದೆ. "ನಿಮ್ ಮಗೀಗೆ ಮಡಗಿದ್ದಲ್ವರಾ ಸ್ವಾಮಿ?" ಅಂದಳು. "ನನ್ ಮಗ್ಳು ಮಳವಳ್ಳೀಲಿ ಆರಾಮಾಗವ್ಳೆ ಕಣಮ್ಮ, ಕತೆ ಬರ್ಕೊಂಡು" ಅಂದೆ. ಅಂದಾಗ ಎದೆ ತುಂಬಿ ಬಂತು. ಮಗು ಈಗ ಎದ್ದು ಕೂತಿದೆ. ನಿಮ್ಮಮ್ಮನಿಗೆ ಮಾಡಲಾಗದ್ದನ್ನು ಯಾರಿಗೋ ಮಾಡಿದೆನಲ್ಲ ಅಂತ ಎರಡು ವರ್ಷದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ದಸರಾ ಗಾಡಿಗಳು ಶುರುವಾಗುತ್ತವೆ. ಬರುವುದಕ್ಕೆ ರಜೆ ಸಿಗದು. ನೀನು ಬರೆಯುತ್ತಿರು.

ಅಪ್ಪ


ಮಳವಳ್ಳಿ
11 ಅಕ್ಟೋಬರ್ 1943

ಅಪ್ಪನಿಗೆ ನಮಸ್ಕಾರಗಳು.

ಎಲ್ಲರೂ ಚೆನ್ನಾಗಿದ್ದೇವೆ.

ಈ ಕಾರ್ಡನ್ನು ಶಮೀಮ್ ಬಾನು ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ನನ್ನ ಕೈಗೆ ಮುಳ್ಳು ಚುಚ್ಚಿದೆ. ಅಕ್ಷರ ಸೊಟ್ಟಗಿದ್ದರೆ ಅವಳದು ತಪ್ಪು.

ಸೋಮಮ್ಮನ ಮಗು ಈಗ ಹೇಗಿದೆ? ಮಾತ್ರೆ ಕೊಟ್ಟದ್ದು ಒಳ್ಳೆಯದಾಯಿತು. ಹನ್ನೆರಡೂ ಕೊಟ್ಟಿರಾ? ಒಂದೆರಡು ಡಬ್ಬಿಯ ತಳದಲ್ಲಿ ಉಳಿದಿರಬಹುದೇನೋ ಅಂತ ಶಮೀಮ್ ಕೇಳುತ್ತಾಳೆ. ಸುಮ್ಮನೆ ಕೇಳುತ್ತಾಳೆ.

ಕತೆ. ನೆತ್ತರುಗುಡುಕ ಬಂದಾಗ ಎರಡು ಕಂಬಳಿ ಹೊದಿಸಿದರೂ ನೀಲಿಯ ಮೈ ಚಾಪೆಯಿಂದ ಮೇಲಕ್ಕೆ ಎಗರುತ್ತದೆ. ಆಗ ಕನ್ನಡಕದ ಗೆಳತಿ ಕಂಬಳಿಯ ಮೇಲೆಯೇ ಅಡ್ಡ ಮಲಗಿ ತನ್ನ ಮೈಭಾರವೆಲ್ಲ ಹಾಕಿ ಅಮುಕಿ ಹಿಡಿದುಕೊಳ್ಳುತ್ತಾಳೆ. ಭಾರ ಬಿದ್ದರೆ ನಡುಕ ಸ್ವಲ್ಪ ತಡೆಯುತ್ತದೆ. ಆದರೆ ಗೆಳತಿ ತೆಳ್ಳಗಿದ್ದಾಳೆ. ದಪ್ಪಗಿನವಳು ಇರಬೇಕಾಗಿತ್ತು ಅಂತ ಇಬ್ಬರೂ ನಗುತ್ತಾರೆ.

ಲಾಜಿಕ್ ಮುಂದಿನ ಸಲ ತಿದ್ದುತ್ತೇನೆ.

ಇಂದ್ರಮ್ಮ


ಯಲಿಯೂರು ಸ್ಟೇಷನ್
14 ಅಕ್ಟೋಬರ್ 1943

ಇಂದ್ರಿ,

ಕಂಬಳಿಯ ಮೇಲೆ ಅಡ್ಡ ಮಲಗುವುದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅದನ್ನು ನಾನು ನಿಮ್ಮಮ್ಮನಿಗೆ ಮಾಡುತ್ತಿದ್ದೆ. ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ. ನೀನು ಅದನ್ನು ಕಂಡಿಲ್ಲ. ಚಳಿ ಹತ್ತಿದ ಮೈಗೆ ಭಾರ ಹಿತವಾಗುತ್ತದೆ ಅನ್ನುವುದು ಆ ಚಳಿ ಬಂದವರಿಗೆ ಗೊತ್ತು, ಹಿಡಿದುಕೊಂಡವರಿಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ.

ನಿನ್ನ ಕೈಗೆ ಮುಳ್ಳು ಚುಚ್ಚಿಲ್ಲ.

ಕಾರ್ಡು ಓದಿದಾಗ ಮೈಸೂರು ಗಾಡಿ ಬರುವ ಹೊತ್ತು. ಗಾಡಿ ಬಿಟ್ಟು ಬಂದು ಹಳೆಯ ಕಾರ್ಡುಗಳನ್ನೆಲ್ಲ ತೆಗೆದು ಓದಿದೆ. ದಿನ ಬಿಟ್ಟು ದಿನ. ಎರಡು ಗಂಟೆ. ಉಗುರು. ಬೆಂಕಿ. ಬೆವರು. ಎಲ್ಲ ಬರೆದಿದ್ದೀಯ. ಗೂಟ ನಿಮ್ಮ ಹತ್ತಿರವೇ ಇದ್ದರೆ ಕಳಿಸಿ ಅಂತ ಕೂಡ ಬರೆದಿದ್ದೀಯ. ನಾನು ಲಾಜಿಕ್ ತಿದ್ದಿಕೊ ಅಂದೆ. ಚಳಿಜ್ವರದ ಊರಿನಲ್ಲಿ ಕೂತು, ಹೆಂಡತಿಯನ್ನು ಅದಕ್ಕೇ ಕಳೆದುಕೊಂಡು, ನಾನು ನಿನ್ನ ಕನ್ನಡವನ್ನು ಮೆಚ್ಚಿಕೊಳ್ಳುತ್ತಿದ್ದೆ.

ನಿನ್ನೆ ಸೋಮಮ್ಮನ ಗುಡಿಸಲಿಗೆ ಹೋದೆ. ಖಾಲಿ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ನಿಂತೆ. ಅವಳಿಗೇ ಅರ್ಥವಾಯಿತು. "ಎಲ್ಲಾ ನುಂಗ್ಸ್‌ಬುಟ್ಟೆ ಸ್ವಾಮಿ, ಒಂದಾರ ಉಳಿಸ್ಬೇಕಿತ್ತು, ನಂಗೊತ್ತಾಗ್ಲಿಲ್ಲ" ಅಂತ ಖಾಲಿ ಕಾಗದ ಬಿಚ್ಚಿ ತೋರಿಸಿದಳು. ಮಗು ನನ್ನ ಪಂಚೆ ಹಿಡಿದು ಎಳೆಯುತ್ತಿತ್ತು. ಅದು ಬದುಕಿತಲ್ಲ ಅಂತ ದುಃಖಪಡಲಾರೆ, ಸಂತೋಷಪಡುವುದಕ್ಕೂ ಆಗುತ್ತಿಲ್ಲ.

ಎರಡು ಗಾಡಿಗಳ ನಡುವೆ ಮಂಡ್ಯಕ್ಕೆ ಹೋಗಿ ಬಂದೆ. ಅಂಗಡಿ ಅಂಗಡಿ ಕೇಳಿದೆ. ಒಬ್ಬ ನೆಲಬೇವು ಕೊಟ್ಟ, ಇನ್ನೊಬ್ಬ ಯುದ್ಧ ಮುಗಿಯಲಿ ಅಂದ. ರಜೆ ಕೇಳಿದೆ. ಬದಲಿಗೆ ಬರಬೇಕಾದವನೂ ಜ್ವರದಲ್ಲಿ ಮಲಗಿದ್ದಾನಂತೆ. ಇಲ್ಲಿ ಮಾಸ್ಟರಿಗೂ ಚಳಿ ಹತ್ತಿಕೊಂಡಿದೆ. ಒಂದೇ ಹಳಿಯ ದಾರಿ. ಮುಂದೆ ಹಳಿ ಖಾಲಿ ಅಂತ ಡ್ರೈವರಿಗೆ ಟೋಕನ್ ಕೊಟ್ಟು ಗಾಡಿ ಬಿಡಲು ಒಬ್ಬರಾದರೂ ನೆಟ್ಟಗೆ ನಿಂತಿರಬೇಕು. ತಂತಿ ಕಳಿಸೋಣ ಅಂದರೆ, ತಂತಿ ಬಂತು ಅಂದ ತಕ್ಷಣ ನಿಮ್ಮ ಬೀದಿಯವರು ಸಾವು ಅಂತ ಅಳಲು ಶುರು ಮಾಡುತ್ತಾರೆ.

ಇನ್ನೊಂದು. ಬೀರುವಿನಲ್ಲಿ ಕೊನೆಯ ಪುಟಗಳಿಲ್ಲ. ನನಗೆ ಸಿಕ್ಕಿದ್ದೇ ಅರ್ಧ ಪುಸ್ತಕ. ನೀನು ಸಿಟ್ಟಿನಲ್ಲಿ ಹೋಗಿದ್ದೆ, ಕತೆಯ ಆಸೆಗಾದರೂ ಕಾಗದ ಬರೆಯುತ್ತೀಯ ಅಂತ ಸುಳ್ಳು ಹೇಳಿದೆ. ನೀಲಿ ಗೂಟ ಹೊಡೆದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಚಳಿ ಬರುವ ದಿನದಂದು ಒಂದು ಕಾರ್ಡು ಹಾಕು. ಬಂತು ಅಥವಾ ಬರಲಿಲ್ಲ, ಅಷ್ಟೇ ಸಾಕು. ಕೆಂಪಸಿದ್ದಯ್ಯನವರೇ, ಇದನ್ನು ಪೂರ್ತಿ ಓದಿ. ಒಂದು ಸಾಲನ್ನೂ ಹಾರಿಸಬೇಡಿ.

ಹೊನ್ನಯ್ಯ


ಮಳವಳ್ಳಿ
22 ಅಕ್ಟೋಬರ್ 1943

ಅಪ್ಪ,

ಇದು ಕವರು. ಜಲಾಲ್ ಸಾಹೇಬರು ತಂದುಕೊಟ್ಟರು. ಕವರಿನಲ್ಲಿ ಬರೆಯುವಾಗ ಮನೆಯಲ್ಲಿದ್ದ ಹಾಗೆ ನೀನು ಅನ್ನಬಹುದು ತಾನೆ?

ನಿನ್ನ ಕಾಗದ ಓದುತ್ತ ಕೆಂಪಸಿದ್ದಯ್ಯನವರು ಕಂಬಳಿಯ ಸಾಲಿಗೆ ಬಂದು ನಿಂತುಬಿಟ್ಟರು. ಮಜ್ಜಿಗೆ ಮುಟ್ಟಲಿಲ್ಲ. ಮಿಕ್ಕದ್ದನ್ನು ನಾನೇ ಓದಿದೆ. ಚಿಕ್ಕಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತು, "ಅಕ್ಕನ್ ಮಗ್ಳ ಚೆನ್ನಾಗಿ ನೋಡ್ಕೊತೀನಿ ಅಂತ ಭಾವಂಗೆ ಮಾತು ಕೊಟ್ಟಿದ್ದೆ ಕಣಮ್ಮಿ, ಯಾವ್ ಮಕ ಇಟ್ಕೊಂಡು ಬರ್ಸ್‌ಲಿ" ಅಂತ ಅತ್ತರು. ಅವರನ್ನು ಬಯ್ಯಬೇಡ. ನನ್ನ ಬಟ್ಟೆ ದಿನ ಬಿಟ್ಟು ದಿನ ಒಗೆಯುವವರು ಅವರು.

ಆಸ್ಪತ್ರೆಯ ಕಂಪೌಂಡರು ಖಾಲಿ ಬಾಟಲಿಯನ್ನು ತಲೆಕೆಳಗು ಮಾಡಿ ತೋರಿಸಿದರು. ಈ ಜ್ವರ ಇಲ್ಲಿಯದಲ್ಲ, ಯಲಿಯೂರಿನಲ್ಲಿ ಕಚ್ಚಿದ್ದು ರಕ್ತದಲ್ಲಿ ಅಡಗಿ ಕೂತು ಈಗ ಎದ್ದಿದೆ ಅಂದರು. ಲಾಜಿಕ್ ಸರಿಹೋಯಿತು ನೋಡು ಅಪ್ಪ. ಯಾರೂ ಬಾ ಅಂತ ಕರೆಯಲಿಲ್ಲ. ನನ್ನ ಜೊತೆಯಲ್ಲೇ ಮದ್ದೂರು ಬಸ್ಸು ಹತ್ತಿ ಬಂದಿದ್ದ.

ಆವತ್ತು ಬಸ್ಸಿನಲ್ಲಿ ನಾನು ತಿರುಗಿ ನೋಡದೆ ಇದ್ದದ್ದು ಸಿಟ್ಟಿಗಲ್ಲ. ಆಗಲೇ ಸ್ವಲ್ಪ ಮೈ ನಡುಗುತ್ತಿತ್ತು. ನೀನು ನೋಡಿದರೆ ಕಳಿಸುವುದಿಲ್ಲ, ಅಲ್ಲೇ ಇದ್ದರೆ ನೀನು ಅಮ್ಮನನ್ನು ನೋಡಿದ ಹಾಗೆ ನನ್ನನ್ನೂ ನೋಡಬೇಕಾಗುತ್ತದೆ ಅಂತ.

ಕೊನೆಯ ಪುಟ ಇಲ್ಲ ಅಂತ ನನಗೆ ಮೊದಲ ಹಾಳೆ ಬಂದಾಗಲೇ ಗೊತ್ತು. ಶಾಲೆಯ ನೋಟ್ ಪುಸ್ತಕದಲ್ಲಿ ಮೊದಲ ಹಾಳೆ ಹರಿದರೆ ಕೊನೆಯ ಹಾಳೆ ತಾನೇ ಕಳಚುತ್ತದೆ, ಎರಡೂ ಒಂದೇ ಕಾಗದ, ನಡುವೆ ಪಿನ್ನು. ನೀನು ಏನನ್ನೇ ಕತ್ತರಿಸಿದರೂ ಬ್ಲೇಡಿನಲ್ಲಿ ಗೆರೆ ಎಳೆದ ಹಾಗೆ ಕತ್ತರಿಸುತ್ತೀಯ. ನೀನು ಕಳಿಸಿದ ಹಾಳೆಯ ಅಂಚು ಹಾಗಿರಲಿಲ್ಲ. ಯಾರೋ ಯಾವಾಗಲೋ ಕಿತ್ತದ್ದು, ಪಿನ್ನಿನ ತೂತು ಅರ್ಧ ಮಾತ್ರ ಇತ್ತು, ಅಂದರೆ ಅದರ ಜೋಡಿಯಾದ ಕೊನೆಯ ಹಾಳೆ ಮೊದಲೇ ಕಳೆದುಹೋಗಿದೆ. ಶಮೀಮಳಿಗೆ ತೋರಿಸಿದೆ. "ನಿಮ್ಮಪ್ಪಗೆ ಹೇಳ್‌ಬೇಡ ಕಣೇ, ಪಾಪ, ಎಷ್ಟು ಕಷ್ಟಬಿದ್ದು ಬರೀತಾರೆ" ಅಂದಳು. ಅದಕ್ಕೆ ಹೇಳಲಿಲ್ಲ.

ಕಾರ್ಡು ಹಾಕುತ್ತೇನೆ. ಅಂಚೆ ಡಬ್ಬಿ ತೆಗೆಯುವುದು ದಿನಕ್ಕೆ ಎರಡು ಸಲ, ಬೆಳಗ್ಗೆ ಹತ್ತಕ್ಕೆ, ಸಂಜೆ ಐದಕ್ಕೆ. ಎರಡು ಗಂಟೆ ಕಳೆದ ಮೇಲೆ ಶಮೀಮ್ ಕೈಲಿ ಹಾಕಿಸಿದರೆ ಐದರ ಡಬ್ಬಿಗೆ ಸಿಗುತ್ತದೆ.

ನಿನ್ನ ಇಂದ್ರಿ


ಮಳವಳ್ಳಿ
23 ಅಕ್ಟೋಬರ್ 1943

ಬರಲಿಲ್ಲ.

ಇಂದ್ರಿ


ಮಳವಳ್ಳಿ
25 ಅಕ್ಟೋಬರ್ 1943

ಬರಲಿಲ್ಲ. ಚಿಕ್ಕಮ್ಮ ರಾಗಿ ಅಂಬಲಿ ಮಾಡಿದ್ದಾರೆ.

ಇಂದ್ರಿ


ಮಳವಳ್ಳಿ
27 ಅಕ್ಟೋಬರ್ 1943

ಬರಲಿಲ್ಲ. ನೀನು ಊಟ ಮಾಡು.

ಇಂದ್ರಿ


ಯಲಿಯೂರು ಸ್ಟೇಷನ್
30 ಅಕ್ಟೋಬರ್ 1943

ನನ್ನ ಇಂದ್ರಿಗೆ,

ಮೊದಲ ಕಾರ್ಡು ಬಂದಾಗ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ಎರಡನೆಯದು ಬಂದಾಗ ಸೋಮಮ್ಮನ ಮಗುವಿಗೆ ಅಚ್ಚುಬೆಲ್ಲ ಕೊಟ್ಟೆ. ಮೂರನೆಯದು ಇವತ್ತು ಬಂತು. ಊಟ ಮಾಡು ಅಂದಿದ್ದೀಯ. ತಟ್ಟೆಯ ಪಕ್ಕ ಮೂರೂ ಕಾರ್ಡನ್ನು ಸಾಲಾಗಿ ಇಟ್ಟುಕೊಂಡು ಕೂತೆ.

ನಾನು ಇಂಗ್ಲಿಷಿನಲ್ಲಿ ಬಿದ್ದವನಿರಬಹುದು, ಆದರೆ ಹದಿನಾರು ವರ್ಷದಿಂದ ಮೊಹರು, ತಾರೀಖು, ಗಂಟೆ ನೋಡುವುದೇ ನನ್ನ ಕೆಲಸ. ಮೂರು ಕಾರ್ಡಿನ ಮೇಲೂ ಮಳವಳ್ಳಿಯ ಮೊಹರು ಚೆನ್ನಾಗಿ ಮೂಡಿದೆ. ಮೂರರ ಮೇಲೂ ಬೆಳಗ್ಗೆ ಹತ್ತು ಗಂಟೆ ಹದಿನೈದು ನಿಮಿಷ.

ಚಳಿ ಬರುವುದು ಎರಡು ಗಂಟೆಗೆ. ಅದು ಬರುವುದಕ್ಕೆ ಮುಂಚೆ ಬರೆದು, ಹತ್ತರ ಡಬ್ಬಿಗೆ ಹಾಕಿಸಿದ್ದೀಯ. ಬರೆದ ಹೊತ್ತಿಗೆ ಸುಳ್ಳಲ್ಲ. ಬಂದಿರಲಿಲ್ಲ.

ಅನ್ನ ಹಾಗೇ ಬಿಟ್ಟು ಎದ್ದೆ. ಕ್ಷಮಿಸು.

ಆಫೀಸಿನ ಒಳಗೆ ಮಾಸ್ಟರು ಬೆಂಚಿನ ಮೇಲೆ ನಡುಗುತ್ತ ಮಲಗಿದ್ದರು. ಅವರಿಗೂ ದಿನ ಬಿಟ್ಟು ದಿನ. ಇವತ್ತು ಅವರ ಸರದಿ, ನಾಳೆ ನಿನ್ನದು. ಕಾರ್ಡುಗಳನ್ನು ಅವರ ಮುಂದೆ ಹಿಡಿದೆ. ಅವರಿಗೂ ಮೊಹರು ಓದುವುದು ಗೊತ್ತು. ಕಂಬಳಿಯೊಳಗಿನಿಂದಲೇ, "ನಾಳೆ ನಂಗೆ ಚಳಿ ಇಲ್ಲ ಹೊನ್ನಯ್ಯ. ಬೆಳಗಿನ್ ಗಾಡಿಗೆ ಓಗ್ರಿ, ನಾನು ಕೂತಿರ್ತೀನಿ. ನಾಡಿದ್ದು ಮಧ್ಯಾಹ್ನದೊಳಗೆ ಬಂದ್‌ಬುಡಿ, ಆಮೇಲೆ ನಾನು ಮನುಷ್ಯ ಅಲ್ಲ" ಅಂದರು.

ನನಗೆ ಸಿಕ್ಕಿರುವುದು ಅವರ ಒಂದು ಒಳ್ಳೆಯ ದಿನ. ಬೆಳಗಿನ ಗಾಡಿಗೆ ಮದ್ದೂರು, ಅಲ್ಲಿಂದ ಜಲಾಲ್ ಸಾಹೇಬರ ಬಸ್ಸು ಕೆಡದೆ ಹೋದರೆ ಒಂದು ಗಂಟೆಗೆ ಮಳವಳ್ಳಿ. ಕೆಟ್ಟರೆ ನಾನೂ ಇಳಿದು ನೂಕುತ್ತೇನೆ. ನಾಡಿದ್ದು ಬೆಳಗಿನ ಬಸ್ಸಿಗೆ ಹಿಂದಿರುಗಲೇಬೇಕು. ಎಷ್ಟು ಲೆಕ್ಕ ಹಾಕಿದರೂ ಒಂದೇ ಒಂದು ಚಳಿಗೆ ನಾನು ಅಲ್ಲಿರಬಲ್ಲೆ. ಅದರ ಮುಂದಿನದಕ್ಕೆ ಇರಲಾರೆ, ಅದರ ಮುಂದಿನದಕ್ಕೂ ಇರಲಾರೆ.

ಈ ಕಾಗದವನ್ನು ಅಂಚೆಗೆ ಹಾಕಿದರೆ ನನಗಿಂತ ಹಿಂದೆ ಬರುತ್ತದೆ. ಜೇಬಿನಲ್ಲೇ ತರುತ್ತೇನೆ. ನಾನು ಹೊರಟುಹೋದ ಮೇಲೆ ನೀನೇ ಒಡೆದು ಓದಿಕೊ. ಎದುರಿಗಿದ್ದಾಗ ಇದನ್ನೆಲ್ಲ ನಾನು ಹೇಳುವುದಿಲ್ಲ. ಬಸ್ಸಿನ ಸುದ್ದಿಯನ್ನೋ ಕಾಲೇಜಿನ ಸುದ್ದಿಯನ್ನೋ ಎತ್ತಿಕೊಂಡು ಒದರುತ್ತ ಕೂತಿರುತ್ತೇನೆ.

ಮಾತ್ರೆ ತರುತ್ತಿಲ್ಲ ಮಗಳೇ. ಎಲ್ಲೂ ಸಿಗಲಿಲ್ಲ. ಕೊನೆಯ ಪುಟವನ್ನೂ ತರುತ್ತಿಲ್ಲ. ಆದರೆ ನಿಮ್ಮಮ್ಮ ಹೋದ ಮೇಲೆ ಊಟ ಬಿಟ್ಟರೂ ನನ್ನ ಮೈ ಇಳಿದಿಲ್ಲ, ದಪ್ಪಗೇ ಇದ್ದೇನೆ. ನಾಳೆ ಎರಡು ಗಂಟೆಗೆ ಶಮೀಮಳಿಗೆ ಸ್ವಲ್ಪ ಪಕ್ಕಕ್ಕೆ ಸರಿ ಅನ್ನುತ್ತೇನೆ.

ನಿನ್ನ ಅಪ್ಪ